ನಮ್ಮದಲ್ಲವಂತೆ!

ಕಳೆದ ಚೌತಿಯ ಸಮಯದಲ್ಲಿ ನಮ್ಮ ಸೀಮೆಯ ಒಂದು ಊರಿನ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಜಗಳ ಊರಿನದಾಗುತ್ತದೆ. ನನ್ನ ಜಗಳ ಇರುವುದು ಒಂದು ಮಾತಿನ ಜೊತೆಗೆ. ಮಕ್ಕಳ ಸ್ಪರ್ಧೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೀಬೋರ್ಡಿನ ಮೇಲೆ ಒಂದು ಭಾವಗೀತೆ ನುಡಿಸಿದಳು. ಬಲಗೈಯಲ್ಲಿ ಹಾಡಿನ ಧಾಟಿ, ಎಡಗೈಯಲ್ಲಿ ಮೂರು ಮೂರು ಮನೆಗಳನ್ನು ಒಟ್ಟಿಗೆ ಒತ್ತಿ ಹಾಡಿಗೊಂದು ನೆಲ. ಎಲ್ಲೂ ತಪ್ಪಲಿಲ್ಲ. ಆಮೇಲೆ ತೀರ್ಪುಗಾರರು ಮೈಕು ಹಿಡಿದು ಹೇಳಿದರು: "ಹುಡುಗಿಗೆ ಕೈಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಈ ಎಡಗೈ ಕಾರುಬಾರು ನಮ್ಮದಲ್ಲ. ಹೆಣ್ಣುಮಕ್ಕಳಾದರೂ ನಮ್ಮದನ್ನು ಉಳಿಸಬೇಕು." ಸಭೆ ಚಪ್ಪಾಳೆ ತಟ್ಟಿತು. ನಾಚಿಕೆಯ ಸಂಗತಿಯೆಂದರೆ ನನ್ನ ಕೈಯೂ ಎರಡು ಸಲ ಚಪ್ಪಾಳೆ ತಟ್ಟಿತು! ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ಬಾಯಿ ಅಂದು ತೆರೆಯಲಿಲ್ಲ.

ಆ ಹುಡುಗಿಗೆ ಎಡಗೈ ಕಲಿಸಿದವಳು ನಾನು. ಅವಳು ವೇದಿಕೆಯಿಂದ ಇಳಿಯುವಾಗ ನನ್ನ ಕಡೆ ನೋಡಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಸ್ಪರ್ಧೆ ಮುಗಿದ ಮೇಲೆ ಅದೇ ವೇದಿಕೆಯಲ್ಲಿ ತಾಳಮದ್ದಳೆ ಇತ್ತು. ಭಾಗವತರ ಪಕ್ಕದಲ್ಲಿ ಶ್ರುತಿಗಾಗಿ ಏನಿತ್ತು ಗೊತ್ತೇ? ಹಾರ್ಮೋನಿಯಂ. ಅದು ನಮ್ಮದಂತೆ. ಅದರ ಮೊಮ್ಮಗಳಂತಿರುವ ಕೀಬೋರ್ಡು ನಮ್ಮದಲ್ಲವಂತೆ.

ಅಂದು ಹೇಳಬೇಕಾಗಿದ್ದನ್ನು ಇಂದು ಬರೆಯುತ್ತಿದ್ದೇನೆ.

ನಾನು ಹೆಗಡೆಕಟ್ಟಾದವಳು. ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ಪಾಠ ಹೇಳುವ ಮೇಷ್ಟ್ರಮ್ಮ. ಸಂಗೀತಗಾರ್ತಿಯಲ್ಲ. ಚಿಕ್ಕವಳಿದ್ದಾಗ ಹಾರ್ಮೋನಿಯಂ ಕಲಿತದ್ದುಂಟು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಕಲಿಸುವುದು ಯಾಕೆಂದು ನನ್ನ ವಯಸ್ಸಿನವರಿಗೆಲ್ಲ ಗೊತ್ತು. ನೋಡಲು ಬಂದವರು "ಹುಡುಗಿಗೆ ಹಾಡಲಿಕ್ಕೆ ಬರುತ್ತದೆಯೋ" ಎಂದು ಕೇಳಿದಾಗ ಜಮಖಾನೆಯ ಮೇಲೆ ಕೂತು ಒಂದು ದೇವರನಾಮ ನುಡಿಸಿ ಹಾಡಿದರೆ ಅಲ್ಲಿಗೆ ಕಲಿತದ್ದು ಸಾರ್ಥಕ. ನಾನೂ ಎರಡು ಪರೀಕ್ಷೆ ಕಟ್ಟಿದೆ. ಥಾಟ್ ಎಂದರೇನು, ವಾದಿ ಸಂವಾದಿ ಎಂದರೇನು, ಅಸಾವರಿಯ ಆರೋಹ ಅವರೋಹ ಬರೆಯಿರಿ. ಎಲ್ಲ ಬರೆದೆ, ಒಳ್ಳೆಯ ಅಂಕವೂ ಬಂತು. ಆದರೆ ಅಸಾವರಿಯನ್ನು ಎಂದಾದರೂ ಕೇಳಿದ್ದೆನೇ? ಧಾರವಾಡ ಆಕಾಶವಾಣಿಯಲ್ಲಿ ಬರುತ್ತಿತ್ತು, ಕಿವಿಗೆ ಬೀಳುತ್ತಿತ್ತು. ಕಿವಿಗೆ ಬೀಳುವುದು ಬೇರೆ, ಕೇಳುವುದು ಬೇರೆ. ಮದುವೆಯಾಯಿತು. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು, ಅಡಿಕೆ ಚೀಲಗಳ ಹಿಂದೆ.

2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಮಗಳು ಮನೆಗೆ ಬಂದಳು. ಕಂಪ್ಯೂಟರಿನ ಜೊತೆ ಅರವತ್ತೊಂದು ಮನೆಗಳ ಒಂದು ಕೀಬೋರ್ಡನ್ನೂ ಹೊತ್ತು ತಂದಿದ್ದಳು. ಹಗಲಿಡೀ ಮೀಟಿಂಗು, ಸಂಜೆ ಕರೆಂಟ್ ಇದ್ದರೆ ಕೀಬೋರ್ಡು. ಒಂದೇ ಹಾಡನ್ನು ತಿಂಗಳುಗಟ್ಟಲೆ ನುಡಿಸುತ್ತಿದ್ದಳು. "ಬೇರೆ ಯಾವುದೂ ಬರುವುದಿಲ್ಲವೇನೇ ನಿನಗೆ?" ಎಂದು ರೇಗಿದೆ. "ಅಮ್ಮಾ, ಇದನ್ನೇ ಇನ್ನೂ ಮುಗಿಸಿಲ್ಲ" ಎಂದಳು. ಹಾಡು ಮುಗಿಯುವುದಕ್ಕೆ ಮೂರು ನಿಮಿಷ ಸಾಕಾಗಿತ್ತು. ಅವಳು ಹೇಳಿದ 'ಮುಗಿಸುವುದು' ಬೇರೆಯೇ ಎಂದು ನನಗೆ ಗೊತ್ತಾಗಿದ್ದು ತಡವಾಗಿ.

ಆ ಹಾಡಿನ ಹೆಸರು ಇಂಗ್ಲಿಷಿನಲ್ಲಿ 'ಆಟಮ್ ಲೀವ್ಸ್'. ಜಾಝ್ ಕಲಿಯುವವರು ಬಹಳ ಮಂದಿ ಮೊದಲು ಹಿಡಿಯುವ ಹಾಡಂತೆ ಇದು. ಹುಟ್ಟಿದ್ದು ಮಾತ್ರ ಅಮೆರಿಕದಲ್ಲಲ್ಲ. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಜೋಸೆಫ್ ಕೋಸ್ಮಾ 1945ರಲ್ಲಿ ಒಂದು ನೃತ್ಯಕ್ಕಾಗಿ ಈ ಧಾಟಿ ಕಟ್ಟಿದ. ಝಾಕ್ ಪ್ರೆವೇರ್ ಎಂಬ ಕವಿ ಅದಕ್ಕೆ ಫ್ರೆಂಚಿನಲ್ಲಿ ಮಾತು ಕೊಟ್ಟ. ಆಮೇಲೆ ಅಮೆರಿಕದ ಜಾನಿ ಮರ್ಸರ್ ಇಂಗ್ಲಿಷ್ ಮಾತು ಬರೆದ. ಫ್ರೆಂಚ್ ಹೆಸರಿನ ಅರ್ಥ 'ಸತ್ತ ಎಲೆಗಳು' ಎಂದು ಮಗಳು ಹೇಳಿದಾಗ ನಾನು ನಕ್ಕುಬಿಟ್ಟೆ. ಸತ್ತ ಎಲೆ ಎಂದರೆ ನಮ್ಮ ಸೀಮೆಯಲ್ಲಿ ದರಕು. ಚಳಿಗಾಲ ಕಳೆಯುತ್ತ ಬೆಟ್ಟದಲ್ಲಿ ಎಲೆ ಉದುರಿದಾಗ ಗುಡಿಸಿ, ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತಂದು ಹಾಕುತ್ತೇವಲ್ಲ, ಅದೇ. ಅವರಿಗೆ ಎಲೆ ಉದುರಿದರೆ ವಿರಹ ನೆನಪಾಗುತ್ತದೆ. ನಮಗೆ ಗೊಬ್ಬರ ನೆನಪಾಗುತ್ತದೆ. ಇರಲಿ.

2021ರಲ್ಲಿ ಮಗಳು ಬೆಂಗಳೂರಿಗೆ ವಾಪಸಾದಳು. ಕೀಬೋರ್ಡು ಇಲ್ಲೇ ಉಳಿಯಿತು. ಹೋಗುವಾಗ ಹಳೆಯ ಉತ್ತರಪತ್ರಿಕೆಯ ಬೆನ್ನಿನ ಮೇಲೆ ಆ ಹಾಡಿನ ಕಾರ್ಡುಗಳನ್ನು ಬರೆದು ಗೋಡೆಗೆ ಅಂಟಿಸಿ ಹೋದಳು. (ಕಾರ್ಡು ಎಂದೊಡನೆ ಪಕ್ಕದ ಮನೆಯವರು ರೇಷನ್ ಕಾರ್ಡಿನದೇನೋ ಹೊಸ ರಗಳೆ ಎಂದುಕೊಂಡಿದ್ದರು.) ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದೇ ಕಾರ್ಡು, ಅಷ್ಟೇ. ನಮ್ಮ ಪುಸ್ತಕಗಳಲ್ಲಿ ಸ್ವರಮೇಳ ಎನ್ನುತ್ತಾರೆ.

ಅವಳು ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ನನಗೆ ಅದು ಹತ್ತಲಿಲ್ಲ. ಒಂದು ಮಳೆಗಾಲದ ರಾತ್ರಿ ಬಿಳಿ ಮೂರನೇ ಮನೆಯನ್ನು ಸಾ ಎಂದು ಹಿಡಿದು, ಆ ಕಾರ್ಡುಗಳ ಬುಡದ ಸ್ವರಗಳನ್ನಷ್ಟೇ ನಮ್ಮ ಸರಿಗಮದಲ್ಲಿ ಬರೆದುಕೊಂಡೆ. ಬಂದದ್ದು ಇದು: ಮ, ನಿ, ಗ, ಧ, ರಿ, ಪ, ಸ.

ಸೋದರಿಯರೇ, ಇದನ್ನು ಇನ್ನೊಮ್ಮೆ ಓದಿ. ಏಳು ಸ್ವರ, ಒಂದೂ ಬಿಟ್ಟಿಲ್ಲ, ಒಂದೂ ಎರಡು ಸಲ ಬಂದಿಲ್ಲ! ಎಣಿಸಿ ನೋಡಿದೆ. ಪ್ರತಿ ಸ್ವರದಿಂದ ಮುಂದಿನ ಸ್ವರಕ್ಕೆ ನಾಲ್ಕು ಮೆಟ್ಟಿಲು. ಸಾ ಇಂದ ಮಾಗೆ ಎಷ್ಟು ದೂರವೋ ಅಷ್ಟು. ಪರೀಕ್ಷೆಯಲ್ಲಿ ನಾನು 'ಷಡ್ಜ ಮಧ್ಯಮ ಭಾವ' ಎಂದು ಬರೆದು ಅಂಕ ಪಡೆದಿದ್ದೆನಲ್ಲ, ಆ ಭಾವವೇ ಇಲ್ಲಿ ಸರಪಳಿಯಾಗಿ ಮನೆಗೆ ಇಳಿದು ಬರುತ್ತಿದೆ. ಧೈವತದಿಂದ ರಿಷಭಕ್ಕೆ ಬರುವಲ್ಲಿ ಮಾತ್ರ ದೂರ ಅರ್ಧ ಮೆಟ್ಟಿಲು ಹೆಚ್ಚು. ಸರಪಳಿಗೆ ಅಲ್ಲೊಂದು ಗಂಟು. ಆ ಗಂಟಿರುವುದರಿಂದಲೇ ಹಾಡು ಸುತ್ತಿ ಮತ್ತೆ ಸಾಗೆ ಬರುತ್ತದೆ. ಇಲ್ಲದಿದ್ದರೆ ಬೇರೆ ಬೇರೆ ಮನೆಗಳಿಗೆ ಅಲೆಯುತ್ತ ಹೋಗಬೇಕಿತ್ತು.

ಗಾಂಧಾರ, ಧೈವತ, ನಿಷಾದ ಕೋಮಲ, ರಿಷಭ ಶುದ್ಧ. ಇದು ಯಾವ ಥಾಟು? ಅಸಾವರಿ! ನಲವತ್ತು ವರ್ಷಗಳ ಹಿಂದೆ ಬರೆದ ಉತ್ತರ ಆ ರಾತ್ರಿ ಕಿವಿಗೆ ಬಂತು. ಹಾಗೆಂದು ಆ ಹಾಡು ಅಸಾವರಿ ರಾಗವೆಂದು ನಾನು ಹೇಳುತ್ತಿಲ್ಲ. ರಾಗವೆಂದರೆ ಬರೀ ಮನೆಗಳ ಪಟ್ಟಿಯಲ್ಲ. ಅದಕ್ಕೊಂದು ನಡೆ, ನಿಲ್ಲುವ ಜಾಗ, ಜಾರುವ ರೀತಿ ಉಂಟು. ಎಲ್ಲ ಅಲ್ಲಿಂದ ಬಂತು, ಎಲ್ಲ ನಮ್ಮಿಂದ ಹೋಯಿತು ಎಂದು ಕುಣಿಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ನಾನು ಹೇಳುವುದು ಇಷ್ಟೇ: ನಮ್ಮ ಅಸಾವರಿಯ ಬಾಗಿಲು ನನಗೆ ತೆರೆದದ್ದು ಫ್ರಾನ್ಸಿನ ದರಕಿನ ಹಾಡಿನಿಂದ. ನಮ್ಮ ಪಠ್ಯಕ್ರಮದಿಂದಲ್ಲ.

ಮುಂದಿನದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾರ್ಡು ಕಟ್ಟುವುದು ಒಂದು ಸ್ವರ ಹಿಡಿದು ಒಂದು ಬಿಟ್ಟು. ಮಧ್ಯಮದ ಮೇಲೆ ಕಟ್ಟಿದರೆ ಮ ಧ ಸ ಗ. ನಿಷಾದದ ಮೇಲೆ ಕಟ್ಟಿದರೆ ನಿ ರಿ ಮ ಧ. ಇದರಲ್ಲಿ ಬುಡವನ್ನು ಎಡಗೈಗೆ ಕೊಟ್ಟು, ಬುಡದಿಂದ ಮೂರನೆಯದು ಮತ್ತು ಏಳನೆಯದು ಎರಡನ್ನೇ ಬಲಗೈಯಲ್ಲಿ ಹಿಡಿಯಬೇಕು. ಮೊದಲನೆಯದರಲ್ಲಿ ಧ, ಗ. ಎರಡನೆಯದರಲ್ಲಿ ರಿ, ಧ. ನೋಡಿ, ಧೈವತ ಎರಡರಲ್ಲೂ ಇದೆ. ಆ ಬೆರಳನ್ನು ಎತ್ತುವುದೇ ಬೇಡ. ಗಾಂಧಾರದ ಬೆರಳೊಂದು ರಿಷಭಕ್ಕೆ ಇಳಿದರೆ ಸಾಕು, ಕಾರ್ಡು ಬದಲಾಯಿತು. ಮುಂದಿನದು ಗಾಂಧಾರದ ಮೇಲೆ. ಈಗ ರಿಷಭ ಅಲ್ಲೇ ಕೂತಿರುತ್ತದೆ, ಧೈವತ ಪಂಚಮಕ್ಕೆ ಇಳಿಯುತ್ತದೆ. ಅದರ ಮುಂದೆ ಪಂಚಮ ಕೂತಿರುತ್ತದೆ, ರಿಷಭ ಸಾಗೆ ಇಳಿಯುತ್ತದೆ. ಹೀಗೆ ಒಬ್ಬರು ಕೂರುವುದು, ಇನ್ನೊಬ್ಬರು ಒಂದು ಮೆಟ್ಟಿಲು ಇಳಿಯುವುದು. ಆಮೇಲೆ ಇಳಿದವರು ಕೂರುವುದು, ಕೂತವರು ಇಳಿಯುವುದು. ಇಬ್ಬರು ವಾರಗಿತ್ತಿಯರು ಕಡಿದಾದ ಕಾಲುದಾರಿಯಲ್ಲಿ ಹೊರೆ ಹೊತ್ತು ಇಳಿಯುವಂತೆ. ಒಬ್ಬಳು ಕಾಲೂರಿ ನಿಂತಾಗಲೇ ಇನ್ನೊಬ್ಬಳು ಹೆಜ್ಜೆ ಕೀಳುವುದು.

ಪಂಚಮದ ಮೇಲೆ ಕಟ್ಟುವ ಕಾರ್ಡಿನಲ್ಲಿ ಮಾತ್ರ ಕೋಮಲ ನಿಷಾದವನ್ನು ಬಿಟ್ಟು ಶುದ್ಧ ನಿಷಾದವನ್ನು ತೆಗೆದುಕೊಳ್ಳುತ್ತಾರೆ. ಅದು ಆ ಥಾಟಿಗೆ ಹೊರಗಿನದು. ಆದರೆ ಆ ಸ್ವರ ಬಂದೊಡನೆ ಕಿವಿ ಸಾಗಾಗಿ ಕಾಯುತ್ತದೆ. ಮನೆಯ ದೀಪ ದೂರದಿಂದ ಕಂಡ ಹಾಗೆ. ನಾನು ಮೊದಲು ಅಲ್ಲಿ ಕೋಮಲವನ್ನೇ ನುಡಿಸುತ್ತಿದ್ದೆ, ಅಸಾವರಿಯ ಮರ್ಯಾದೆ ಕಾಪಾಡುವವಳಂತೆ. ಸಪ್ಪೆ ಎನಿಸುತ್ತಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ. ಸಿಗ್ನಲ್ಲಿಗಾಗಿ ಬೆಟ್ಟದ ನೆತ್ತಿಯವರೆಗೆ ಹತ್ತಿ ಹೋಗಿ ಫೋನು ಮಾಡಿದರೆ ಮಗಳು ನಕ್ಕು "ಅಮ್ಮಾ, ಕಪ್ಪು ಮನೆ ನೋಡು" ಎಂದಳು.

ಈ ಹಾಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಧಾಟಿಯ ಮೊದಲ ಸಾಲು ಧೈವತದ ಮೇಲೆ ನಿಲ್ಲುತ್ತದೆ. ಎರಡನೆಯದು ಪಂಚಮದ ಮೇಲೆ. ಮೂರನೆಯದು ಮಧ್ಯಮದ ಮೇಲೆ. ನಾಲ್ಕನೆಯದು ಗಾಂಧಾರದ ಮೇಲೆ. ಎಲೆ ಒಂದೊಂದೇ ಕೊಂಬೆ ಇಳಿದ ಹಾಗೆ. ಹಾಡುವವರು ಧೈವತ ಹಿಡಿದು ನಿಂತೇ ಇರುತ್ತಾರೆ. ಅಷ್ಟರಲ್ಲಿ ಕೆಳಗಿನ ಬುಡ ಮಧ್ಯಮದಿಂದ ನಿಷಾದಕ್ಕೆ ಸರಿಯುತ್ತದೆ. ಸ್ವರ ಅದೇ, ಗಂಟಲು ಅದೇ. ಆದರೆ ಕ್ಷಣದ ಹಿಂದೆ ಸಮಾಧಾನವಾಗಿದ್ದ ಧೈವತ ಈಗ ಏನೋ ಕೇಳುತ್ತಿರುವಂತೆ ಆಗಿಬಿಡುತ್ತದೆ. ತಾನು ಕದಲಿಲ್ಲ, ನೆಲ ಕದಲಿತು. ನಮ್ಮ ಸಂಗೀತದಲ್ಲಿ ತಂಬೂರಿ ಕದಲುವುದಿಲ್ಲ. ಸ್ವರ ಅದರ ಸುತ್ತ ಓಡಾಡಿ ಬರುತ್ತದೆ. ಅವರಲ್ಲಿ ಸ್ವರ ನಿಂತಿರುವಾಗ ನೆಲವೇ ಓಡಾಡಬಹುದು. ಎರಡೂ ಸತ್ಯವೇ. ತಂಬೂರಿ ಕದಲದೆ ಇರುವುದು ಎಷ್ಟು ದೊಡ್ಡ ಸಂಗತಿ ಎಂಬುದು ನನಗೆ ತಿಳಿದದ್ದೂ ಕದಲುವ ನೆಲವನ್ನು ಕೇಳಿದ ಮೇಲೆಯೇ. ಈಗ ರೇಡಿಯೋದಲ್ಲಿ ಯಾರಾದರೂ ಹಾಡತೊಡಗಿದರೆ ನಾನು ಮೊದಲು ತಂಬೂರಿಯನ್ನು ಕೇಳುತ್ತೇನೆ. ಹಿಂದೆ ಅದು ಇತ್ತೆಂಬುದೇ ಗಮನಕ್ಕೆ ಬರುತ್ತಿರಲಿಲ್ಲ.

ಇಷ್ಟಕ್ಕೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಅದೂ ಮೂವತ್ತೆರಡು ಆವರ್ತದ ಹಾಡಿನಲ್ಲಿ ಮೊದಲ ಎಂಟಕ್ಕೆ. ಮಗಳು ಕೇಳಿಸಿದ ಎರಡು ಧ್ವನಿಮುದ್ರಿಕೆಗಳಲ್ಲಿ ಒಂದು ಕ್ಯಾನನ್‌ಬಾಲ್ ಆಡರ್ಲಿ ಎಂಬಾತನದು, 1958ರದ್ದು. ಅದರಲ್ಲಿ ಮೈಲ್ಸ್ ಡೇವಿಸ್ ಕಹಳೆಯಲ್ಲಿ ಈ ಧಾಟಿಯನ್ನು ಎಷ್ಟು ಕಡಿಮೆ ಸ್ವರಗಳಲ್ಲಿ ಹೇಳಿ ಸುಮ್ಮನಾಗುತ್ತಾನೆಂದರೆ ನಮ್ಮ ಸಭೆಗಳಲ್ಲಿ ಮಾತಾಡುವವರು ಕೇಳಿ ಕಲಿಯಬೇಕು. ಇನ್ನೊಂದು ಬಿಲ್ ಇವಾನ್ಸನ ಪಿಯಾನೊ, 1959ರದ್ದು. ಅದನ್ನು ಕೇಳಿದ ದಿನ ಇನ್ನು ಕೀಬೋರ್ಡು ಮುಟ್ಟುವುದೇ ಬೇಡ ಎನಿಸಿತ್ತು. ಮರುದಿನ ಮುಟ್ಟಿದೆ.

ಇನ್ನು 'ನಮ್ಮದು' ಎಂಬ ಮಾತಿಗೆ ಬರೋಣ.

ತಾಳಮದ್ದಳೆಯ ಹಾರ್ಮೋನಿಯಂ ಪ್ಯಾರಿಸ್ಸಿನದು. ಅಲೆಕ್ಸಾಂಡರ್ ದೆಬೆಯ್ನ್ ಎಂಬವನು 1840ರ ದಶಕದಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಕಾಲಿನಿಂದ ತುಳಿಯುತ್ತಿದ್ದ ತಿದಿಯನ್ನು ಕೈಯಿಂದ ಒತ್ತುವಂತೆ ಮಾಡಿ, ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆಯಾಗಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು, 1875ರ ಸುಮಾರಿಗೆ. ಅದಕ್ಕೆ ಮುಂಚೆ ಯಕ್ಷಗಾನದ ಹಿಮ್ಮೇಳದಲ್ಲಿ ಶ್ರುತಿ ಕೊಡುತ್ತಿದ್ದದ್ದು ಪುಂಗಿ. ಪುಂಗಿಯನ್ನು ಬಿಟ್ಟು ಹಾರ್ಮೋನಿಯಂ ತಂದಾಗ ಭಾಗವತರಿಗೆ ಯಾರಾದರೂ "ಇದು ನಮ್ಮದಲ್ಲ, ಗಂಡಸರಾದರೂ ನಮ್ಮದನ್ನು ಉಳಿಸಬೇಕು" ಎಂದು ಮೈಕಿನಲ್ಲಿ ಹೇಳಿದ್ದುಂಟೇ? ಆಗ ಮೈಕೂ ಇರಲಿಲ್ಲ ಬಿಡಿ.

ಹಾರ್ಮೋನಿಯಮ್ಮಿಗೂ ಈ ಬೈಗುಳ ಬಿದ್ದದ್ದು ನಿಜ. ಆಕಾಶವಾಣಿಯವರು 1940ರಲ್ಲಿ ಅದನ್ನು ನಿಷೇಧಿಸಿದರು. ರವೀಂದ್ರನಾಥ ಟಾಗೋರರಿಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. 1971ರವರೆಗೆ ನಿಷೇಧವಿತ್ತು, 1969ರಲ್ಲಿ ಹುಟ್ಟಿದ ನಾನು ಆ ನಿಷೇಧದ ಕಾಲದವಳೇ. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಮನೆಯಿಂದ ಮನೆಗೆ ಜಾರಲು ಆ ಪೆಟ್ಟಿಗೆಗೆ ಬಾರದು. ದರ್ಬಾರಿಯ ಗಾಂಧಾರ ತೂಗಾಡುತ್ತದಲ್ಲ, ಅದನ್ನು ಯಾವ ಮನೆಯಲ್ಲಿ ಹುಡುಕುತ್ತೀರಿ? ಕೀಬೋರ್ಡಿಗೂ ಅದೇ ದೋಷ. ಇದು ವಾದ್ಯದ ಗುಣದ ಮೇಲಿನ ಮಾತು, ಇದಕ್ಕೆ ತಲೆಬಾಗುತ್ತೇನೆ. ಆದರೆ ಅಂದಿನ ತೀರ್ಪುಗಾರರು ಗಾಂಧಾರದ ಮಾತೆತ್ತಲಿಲ್ಲ. "ನಮ್ಮದಲ್ಲ" ಎಂದರು. ಕಿವಿಯಿಂದ ಕೇಳಿ ಹೇಳುವುದು ಬೇರೆ, ವಿಳಾಸ ನೋಡಿ ಹೇಳುವುದು ಬೇರೆ.

ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಅದನ್ನು ಕಲಿತರು. ಸ್ವತಃ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಇಂದಿಗೂ ಮಕ್ಕಳಿಗೆ ನೋಟುಸ್ವರವೆಂದು ಹೇಳಿಕೊಡುತ್ತಾರೆ. ನಮ್ಮ ರಾಜ್ಯಕ್ಕೇ ಬನ್ನಿ. ಮೈಸೂರಿನ ವೀಣೆ ಶೇಷಣ್ಣನವರು ಪಿಯಾನೊ ನುಡಿಸುತ್ತಿದ್ದರು. ಜಯಚಾಮರಾಜ ಒಡೆಯರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರ ಲಂಡನ್ನಿನಲ್ಲಿ ಮುದಿತನದಲ್ಲಿ ಕಷ್ಟಪಡುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಈ ನಮ್ಮ ಮಹಾರಾಜರು. ಆತ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಇವರಿಗೆ ಅರ್ಪಿಸಿದ. ಇದರಿಂದ ಒಡೆಯರು ಕರ್ನಾಟಕ ಸಂಗೀತಕ್ಕೆ ದೂರವಾದರೇ? ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದರು, ಅಪರೂಪದ ರಾಗಗಳಲ್ಲಿ. ಅದೇ ಕೈ ಎರಡನ್ನೂ ಮಾಡಿತು. ಮಹಾರಾಜರಾದರೆ ಸರಿ, ಒಂಬತ್ತನೇ ತರಗತಿಯ ಹುಡುಗಿಯಾದರೆ ತಪ್ಪೋ?

ಜಾಝ್ ಕೂಡ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಆರ್.ಎ. ರಮಾಮಣಿಯವರು ಕರ್ನಾಟಕ ಸಂಗೀತದ ಗಾಯಕಿ. ಅವರ ಪತಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದವರು. ಇವರೆಲ್ಲ ಸೇರಿ ಚಾರ್ಲಿ ಮಾರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕನ ಜೊತೆ ಮಾಡಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆ 1983ರಲ್ಲಿ ಯುರೋಪಿನಲ್ಲಿ ಹೊರಬಂತು. ಕೇಳಿದೆ. ರಮಾಮಣಿಯವರು ಅದರಲ್ಲಿ ತಮ್ಮ ಗಮಕ ಒಂದನ್ನೂ ಬಿಟ್ಟುಕೊಟ್ಟಿಲ್ಲ. ಬಂದವನೇ ಇವರ ತಾಳಕ್ಕೆ ಕಾಲು ಹೊಂದಿಸಿಕೊಂಡಿದ್ದಾನೆ. ಆಗ ನಾನು ಹೈಸ್ಕೂಲಿನಲ್ಲಿ ವಾದಿ ಸಂವಾದಿ ಉರು ಹೊಡೆಯುತ್ತಿದ್ದೆ. ಇಂಥದೊಂದು ಇದೆಯೆಂದು ಹೇಳುವವರು ಯಾರೂ ಇರಲಿಲ್ಲ.

ಜಾಝ್ ಎಂದರೆ ಕ್ಲಬ್ಬು, ಕುಡಿತ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಗುಲಾಮರಾಗಿ ಹಡಗಿನಲ್ಲಿ ತುಂಬಿ ತಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಪಿಯಾನೊ ಅವರದ್ದಾಗಿರಲಿಲ್ಲ, ಒಡೆಯರದ್ದಾಗಿತ್ತು. ಮೇರಿ ಲೂ ವಿಲಿಯಮ್ಸ್ ಎಂಬ ಹೆಣ್ಣುಮಗಳು ಚಿಕ್ಕಂದಿನಲ್ಲೇ ಕಿವಿಯಿಂದ ಕೇಳಿ ಪಿಯಾನೊ ಕಲಿತು, ದೊಡ್ಡ ವಾದ್ಯತಂಡಕ್ಕೆ ಸ್ವರಪ್ರಸ್ತಾರ ಬರೆದುಕೊಡುವಷ್ಟು ಬೆಳೆದಳು. ಮುಂದೆ ನ್ಯೂಯಾರ್ಕಿನ ಅವಳ ಮನೆ ಥೆಲೋನಿಯಸ್ ಮಾಂಕ್, ಬಡ್ ಪವೆಲ್ ಅವರಂಥ ತರುಣರು ಬಂದು ಕೂರುವ ಜಾಗವಾಯಿತು. ತನ್ನದಲ್ಲದ ವಾದ್ಯವನ್ನು ಮುಟ್ಟಬಾರದೆಂದು ಅವಳೂ ಕೈಕಟ್ಟಿ ಕೂತಿದ್ದರೆ?

ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. 'ನಮ್ಮದು' ಎಂಬ ಹೊರೆಯನ್ನು ಯಾವಾಗಲೂ ಹೆಣ್ಣುಮಕ್ಕಳ ತಲೆಯ ಮೇಲೇ ಯಾಕೆ ಇಡುತ್ತಾರೆ? ತೋಟಕ್ಕೆ ಔಷಧಿ ಹೊಡೆಯುವ ಯಂತ್ರ ನಮ್ಮದಲ್ಲ. ಅಡಿಕೆ ಸುಲಿಯುವ ಯಂತ್ರದ ಮೋಟಾರು ನಮ್ಮದಲ್ಲ. ಪ್ಯಾಂಟು ನಮ್ಮದಲ್ಲ. ಚಹ ನಮ್ಮದಲ್ಲ, ಇಸ್ಪೀಟು ನಮ್ಮದಲ್ಲ, ಕ್ರಿಕೆಟ್ಟಂತೂ ಅಲ್ಲವೇ ಅಲ್ಲ. ಇವಕ್ಕೆಲ್ಲ ವಿಳಾಸ ಕೇಳಿದವರುಂಟೇ? ಮಗಳು ಎಡಗೈ ಎತ್ತಿದೊಡನೆ ಸಂಸ್ಕೃತಿ ನೆನಪಾಗುತ್ತದೆ. ಶಿಕ್ಷಕಿಯರು ಸೀರೆ ಬಿಟ್ಟು ಚೂಡಿದಾರ ಹಾಕಿದಾಗಲೂ ಇದೇ ರಾಗ ಕೇಳಿದ್ದೆ. ಹಾಗೆ ಹಾಡಿದವರು ತಾವು ಪಂಚೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದೇ ಊರಿನಿಂದ ಬೆಂಗಳೂರಿಗೆ ಹೋದ ಹುಡುಗರು ಗಿಟಾರು ಹೆಗಲಿಗೇರಿಸಿ ಬಂದರೆ "ಮಾಣಿ ಹುಷಾರಿದ್ದ" ಎನ್ನುತ್ತಾರೆ. ಗಿಟಾರಿನಲ್ಲೇನು ಕಾರ್ಡುಗಳಿಲ್ಲವೇ?

ನಮ್ಮ ಸೀಮೆಯ ಕರಿಮೆಣಸಿಗಾಗಿ ಪೋರ್ತುಗೀಸರು ಸಮುದ್ರ ದಾಟಿ ಬಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದೇ ಕರೆದರು. ಅವರು ತಂದು ಬಿಟ್ಟುಹೋದದ್ದು ಒಣಮೆಣಸು, ಗೇರು, ಅನಾನಸು. ಇಂದು ನಮ್ಮ ಅಡುಗೆಮನೆಯಿಂದ 'ನಮ್ಮದಲ್ಲದ್ದನ್ನು' ತೆಗೆದಿಟ್ಟರೆ ತೀರ್ಪುಗಾರರಿಗೆ ಅಂದು ಬಡಿಸಿದ ಊಟದಲ್ಲಿ ಎಷ್ಟು ಉಳಿಯುತ್ತಿತ್ತೋ ನೀವೇ ಲೆಕ್ಕ ಹಾಕಿ.

ನನ್ನ ಪಕ್ಷದವರಿಗೂ ಒಂದು ಬೈಗುಳ ಇದೆ. ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಗುಂಡಿಯೊಂದನ್ನು ಒತ್ತಿ ತಾಳವನ್ನೂ ಕಾರ್ಡನ್ನೂ ಯಂತ್ರಕ್ಕೆ ಬಿಟ್ಟು, ಭಜನೆಗೂ ಲಾವಣಿಗೂ ಒಂದೇ ಧಡಧಡ ಹಾಕುತ್ತಾರಲ್ಲ, ಅದನ್ನು ನೋಡಿಯೇ ಜನ ಕೀಬೋರ್ಡೆಂದರೆ ಹೆದರಿರುವುದು. ನಮ್ಮ ಅಜ್ಜಿಯಂದಿರ ಮದುವೆ ಹಾಡುಗಳ ಕೆಳಗೆ ಕಾರ್ಡು ತುರುಕಿದ್ದನ್ನೂ ಕೇಳಿದ್ದೇನೆ. ಆ ಹಾಡುಗಳಿಗೆ ನೆಲ ಬೇಡ, ಅವು ಅಂಗಳದಲ್ಲೇ ಹುಟ್ಟಿದವು. ಎಲ್ಲಿ ಕಾರ್ಡು ಬೇಡ ಎಂದು ತಿಳಿಯಬೇಕಾದರೂ ಕಾರ್ಡೆಂದರೆ ಏನೆಂದು ತಿಳಿದಿರಬೇಕು. ಆ ಹುಡುಗಿ ಭಾವಗೀತೆಯ ಎರಡನೇ ಚರಣದಲ್ಲಿ ಧಾಟಿ ತೂಗುವ ಜಾಗಕ್ಕೆ ಬಂದಾಗ ಎಡಗೈಯನ್ನು ಪೂರ್ತಿ ಎತ್ತಿ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಅವಳೇ ಕೇಳಿ ಕಂಡುಕೊಂಡದ್ದು. ಸಭೆಯಲ್ಲಿ ಅದನ್ನು ಗಮನಿಸಿದವರು ಯಾರಾದರೂ ಇದ್ದರೆ ಅದು ತೀರ್ಪುಗಾರರಾಗಬೇಕಿತ್ತು.

ಐವತ್ತು ಹಾಡು ಬರುತ್ತದೆ ಎಂದು ಹೇಳಿಕೊಳ್ಳುವವರು ನಮ್ಮ ಮಹಿಳಾ ಮಂಡಳಗಳಲ್ಲಿ ಬೇಕಾದಷ್ಟು ಮಂದಿ. ನಾನೂ ಹಾಗೇ ಇದ್ದೆ. ಪುಸ್ತಕ ತುಂಬ ಹಾಡು. ಒಂದರ ಒಳಗೂ ಹೊಕ್ಕವಳಲ್ಲ. ಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ: ಪಾಠ ಮುಗಿಸುವುದು. ಹದಿನೆಂಟು ಪದ್ಯ ಮುಗಿಸಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ, ಒಂದು ಪದ್ಯ ಮಕ್ಕಳೊಳಗೆ ಹೋಯಿತೇ ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಒಂದು ಹಾಡಿಗೆ ಎರಡು ವರ್ಷ ಕೊಟ್ಟೆನೆಂದರೆ ನಗುವವರು ನಗಲಿ. "ಈ ವಯಸ್ಸಿನಲ್ಲಿ ಎಂತಕ್ಕೆ ಟೀಚರ್?" ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಈ ವಯಸ್ಸಿನಲ್ಲಿ ಅಡಿಕೆ ಸುಲಿಯುವುದು ಎಂತಕ್ಕೆಂದು ಅವರು ಒಂದು ದಿನವೂ ಕೇಳಿದವರಲ್ಲ.

ಚೌತಿ ಕಳೆದು ಮೂರು ವಾರ ಹುಡುಗಿ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಅವಳ ತಾಯಿ ಚಹ ಕೊಟ್ಟು, "ಎಲ್ಲರೂ ಹಾಗೆ ಹೇಳ್ತಾರೆ, ನಾವು ಒಬ್ಬರೇ ಹೇಗೆ..." ಎಂದು ನಿಲ್ಲಿಸಿದರು. ನಾನು ವಾದ ಮಾಡಲಿಲ್ಲ. ಹುಡುಗಿಯನ್ನು ಕರೆದು, ಅಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು, ತಪ್ಪಾಯಿತು ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ವಿದ್ಯಾರ್ಥಿಯೊಬ್ಬರಿಗೆ ತಪ್ಪಾಯಿತು ಎಂದದ್ದು ಅದೇ ಮೊದಲು. ಅವಳು ಏನೂ ಹೇಳಲಿಲ್ಲ. ತಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೂ ಮದುವೆಗೆ ಮುಂಚೆ ಹಾರ್ಮೋನಿಯಂ ಕಲಿತಿದ್ದೆ ಎಂದರು.

ಮುಂದಿನ ಶನಿವಾರ ಮಧ್ಯಾಹ್ನ ಅವಳು ಬಂದಳು. ಕರೆಂಟ್ ಇರಲಿಲ್ಲ, ನಮ್ಮಲ್ಲಿ ಮಳೆಯಲ್ಲಿ ಕರೆಂಟ್ ಇದ್ದರೆ ಅದೇ ಸುದ್ದಿ. ಏಣಿ ಹಾಕಿ ಅಟ್ಟ ಹತ್ತಿ, ಇಬ್ಬರೂ ಸೇರಿ ನನ್ನ ಹಳೆಯ ಹಾರ್ಮೋನಿಯಂ ಇಳಿಸಿದೆವು. ಒಳಗೆ ಜಿರಲೆ ಗೂಡು. ಎರಡು ರೀಡು ಕೂಗುವುದಿಲ್ಲ, ತಿದಿಯಲ್ಲೊಂದು ತೂತು. ಅದಕ್ಕೆ ಬಟ್ಟೆ ಅಂಟಿಸಿದೆವು. ಒಬ್ಬಳು ತಿದಿ ಒತ್ತಬೇಕು, ಆಗ ಇನ್ನೊಬ್ಬಳಿಗೆ ಎರಡೂ ಕೈ ಬಿಡುವು. ಅವಳು ತಿದಿ ಹಿಡಿದಳು. ನಾನು ಎಡಗೈಗೆ ಮಧ್ಯಮ ಕೊಟ್ಟು ಬಲಗೈಯಲ್ಲಿ ಧೈವತ ಗಾಂಧಾರ ಒತ್ತಿದೆ. ಗಾಂಧಾರದ ಬೆರಳನ್ನು ರಿಷಭಕ್ಕೆ ಇಳಿಸುವಷ್ಟರಲ್ಲಿ ಅವಳು ಧಾಟಿಯನ್ನು ಬಾಯಲ್ಲಿ ಶುರು ಮಾಡಿದ್ದಳು. ಶುದ್ಧ ನಿಷಾದ ಬರುವಲ್ಲಿ ಆ ಕೂಗದ ರೀಡೇ ಸಿಕ್ಕಿತು. ಅವಳು ನನ್ನ ಮುಖ ನೋಡಿ, ಆ ಸ್ವರವನ್ನು ತಾನೇ ಹಾಡಿದಳು.